ಕರಡಿ ಮಜಲಿನ ಸದ್ದಿಗೆ ಲೈಸೆನ್ಸ್ ಹಾಕಿದ್ದು

ಸದ್ದುಗಳನ್ನು ಪುಕ್ಕಟೆ ಹಂಚಿಕೊಳ್ಳುವ ಫ್ರೀಸೌಂಡ್ ತಾಣಕ್ಕೆ ಒಂದು ಸದ್ದು ಏರಿಸುವಾಗ ಹೆಸರು, ವಿವರ, ಟ್ಯಾಗ್ ಎಲ್ಲ ತುಂಬಿ ಲೈಸೆನ್ಸ್ ಆರಿಸಬೇಕು. ಆಯ್ಕೆ ಮೂರೇ, ಮೂರೂ ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್‌ನವು. ಷರತ್ತೇ ಇಲ್ಲದ ಸಿಸಿ ಜೀರೊ, ಹೆಸರು ಹೇಳಬೇಕಾದ ಸಿಸಿ ಬೈ, ಹೆಸರು ಹೇಳಿಯೂ ವ್ಯಾಪಾರಕ್ಕೆ ಬಳಸಬಾರದ ಸಿಸಿ ಬೈ ನಾನ್‌ಕಮರ್ಷಿಯಲ್. ಒಂದನ್ನು ಒತ್ತಿದರೆ ಮುಗಿಯಿತು. ಆ ಒಂದು ಗುಂಡಿ ಒತ್ತುವುದಕ್ಕೆ ನನಗೆ ಒಂದು ಮಳೆಗಾಲವೇ ಹಿಡಿಯಿತು.

ನಾನು ಬಾಗಲಕೋಟೆಯ ನವನಗರದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಬಾಗಿಲು ಕಿರುಗುಟ್ಟುವ ಸದ್ದು, ಮಳೆ, ಗಂಟೆ, ಜನಜಂಗುಳಿ ಬೇಕಾದಾಗೆಲ್ಲ ಫ್ರೀಸೌಂಡ್‌ಗೆ ಹೋಗುವುದು ರೂಢಿ. ಬಾರ್ಸಿಲೋನಾದ ಪಾಂಪೆವು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ ತಾಣ ಅದು. ಅಲ್ಲಿ ನಮ್ಮ ದೇಶದ ವಾದ್ಯ ಹುಡುಕಿದರೆ ತಬಲಾ ಸಿಗುತ್ತದೆ, ಢೋಲ್ ಸಿಗುತ್ತದೆ. ನಮ್ಮ ಕಡೆ ಮದುವೆ, ಜಾತ್ರೆ, ಪಲ್ಲಕ್ಕಿ ಯಾವುದಿದ್ದರೂ ಮುಂದೆ ಬರುವ ಕರಡಿ ಮಜಲು, ಅಂದರೆ ಕರಡಿ ಅನ್ನುವ ಎರಡು ಮುಖದ ಚರ್ಮವಾದ್ಯದ ಮೇಳ, ನನಗೆ ಸಿಗಲಿಲ್ಲ. ಇಷ್ಟು ವರ್ಷ ಬೇರೆಯವರ ಸದ್ದು ತೆಗೆದುಕೊಂಡು ಹೊಟ್ಟೆ ಹೊರೆದಿದ್ದೇನೆ, ನಾನೂ ನಾಲ್ಕು ಸದ್ದು ಕೊಡೋಣ ಅನ್ನಿಸಿತು. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಸೋದರಳಿಯ ಫೋನ್ ಮಾಡಿದ. ಎಲ್‌ಎಮ್‌ಎಮ್‌ಎಸ್ ಅನ್ನುವ, ಸಂಗೀತ ಕಟ್ಟುವ ಮುಕ್ತ ತಂತ್ರಾಂಶದಲ್ಲಿ ಕೀಬೋರ್ಡ್ ಒತ್ತಿದರೆ ಕರಡಿ ಬಾರಿಸಿದಂತೆ ಕೇಳುವ ಒಂದು ಸ್ಯಾಂಪಲ್ ಸೆಟ್ ಮಾಡಬೇಕು ಅಂದ. "ಮಾವಾ, ನೀವು ರೆಕಾರ್ಡ್ ಮಾಡಿ ಕೊಡ್ರಿ. ಉಳಿದದ್ದು ನಾ ನೋಡ್ಕೋತೀನಿ."

ಉಳಿದದ್ದೇ ಜಾಸ್ತಿ ಇತ್ತು.

ಮೊದಲು ಹೋದದ್ದು ಗುಳೇದಗುಡ್ಡಕ್ಕೆ, ಮಗ್ಗದ ಸದ್ದಿಗೆ. ಖಣ ನೇಯುವ ಮನೆಗಳು ಅಲ್ಲಿ ಈಗಲೂ ಇವೆ. ಕುಣಿ ಮಗ್ಗದ ಸದ್ದಿನಲ್ಲಿ ಹದವಾದ ಒಂದು ತಾಳ ಇರುತ್ತದೆ. ಲಾಳಿ ಓಡುತ್ತದೆ, ಹಲಗೆ ಬಡಿಯುತ್ತದೆ, ಕಾಲಡಿಯ ತುಳಿಗೋಲು ಕಿರ್ ಅನ್ನುತ್ತದೆ. ಯಂತ್ರದ ಸದ್ದು ತಾನೇ, ಇದಕ್ಕೇನು ಹಕ್ಕು, ಸುಮ್ನೆ ರೆಕಾರ್ಡ್ ಮಾಡಿ ಹಾಕಿದರಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಬಹುಮಟ್ಟಿಗೆ ಅದು ನಿಜವೂ ಹೌದು. ಮಗ್ಗ ಹಾಡು ಕಟ್ಟಿಲ್ಲ. ನೇಕಾರರು ಕಛೇರಿ ಕೊಡುತ್ತಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಅದನ್ನು ಮಾಡಲು ಮುಂದಾಗಿ, ಜವಾಬ್ದಾರಿ ಹೊತ್ತ ನಿರ್ಮಾಪಕನದು. ಇಲ್ಲಿ ಅದು ನಾನು. ಪ್ರಕಟಿಸಿದ ಮರುವರ್ಷದ ಆರಂಭದಿಂದ 60 ವರ್ಷ ಆ ಹಕ್ಕು ಇರುತ್ತದೆ.

ಆದರೆ ಹಾಡಿಲ್ಲದ ಮಗ್ಗದ ಮನೆ ತೋರಿಸಿ ನೋಡೋಣ! ಹೋದ ಕಡೆಯೆಲ್ಲ ಮೊಬೈಲಿನಲ್ಲೋ ರೇಡಿಯೊದಲ್ಲೋ ಸಿನಿಮಾ ಹಾಡು. ಲಾಳಿಯ ಸದ್ದಿನ ಹಿಂದೆ ಆ ಹಾಡು ಸಣ್ಣಗೆ ಕೂತರೂ ಸಾಕು, ಕಡತ ಕೆಲಸಕ್ಕೆ ಬರುವುದಿಲ್ಲ. ಕಾಯ್ದೆಯ 13ನೇ ಕಲಮಿನಲ್ಲಿ ಒಂದು ಮಾತಿದೆ. ಒಂದು ಹಾಡನ್ನೋ ಸಂಗೀತವನ್ನೋ ಮುದ್ರಿಸುವಾಗ ಅದರ ಹಕ್ಕನ್ನು ಮುರಿದಿದ್ದರೆ ಆ ಧ್ವನಿಮುದ್ರಣಕ್ಕೇ ಹಕ್ಕು ಹುಟ್ಟುವುದಿಲ್ಲ. ನನ್ನದಲ್ಲದ್ದನ್ನು ಕೊಡುವ ಮಾತೇ ಇಲ್ಲವಲ್ಲ. ಹಾಗಾಗಿ ಆ ಮನೆಯವರಿಗೆ, "ಕಾಕಾ, ಸ್ವಲ್ಪ ಹಾಡು ಬಂದ್ ಮಾಡ್ತೀರೇನ್ರಿ" ಅಂತ ಕೇಳಿದೆ.

"ಬಂದ್ ಮಾಡಿದ್ರ ಕೈ ಓಡಂಗಿಲ್ಲೋ ತಮ್ಮಾ."

ಆದರೂ ಮಾಡಿದರು. ಹಾಡಿಲ್ಲದೆ ನೇಯ್ದಾಗ ಮಗ್ಗದ ಓಟ ನಿಜವಾಗಿಯೂ ಸ್ವಲ್ಪ ನಿಧಾನವಾಯಿತು. ಬೇಕಿದ್ದರೆ ಆ ಕಡತ ಕೇಳಿ. ಅದಕ್ಕೆ ಸಿಸಿ ಜೀರೊ ಹಾಕಿದೆ. ಯಾರು ಏನು ಬೇಕಾದರೂ ಮಾಡಿಕೊಳ್ಳಲಿ, ಹೆಸರೂ ಬೇಡ. ಮನೆಯವರಿಗೂ ಹೆಸರು ಬೇಡವಾಗಿತ್ತು. "ಸದ್ದಿಗೆ ಏನ್ ಹೆಸರೋ, ಸೀರಿಗೆ ಬ್ಯಾರೆ ಹೆಸರ ಐತಿ" ಅಂದರು. ಮಗ್ಗದ ವಿಷಯ ಅಲ್ಲಿಗೆ ಮುಗಿಯಿತು.

ಕರಡಿಯ ವಿಷಯ ಹಾಗಲ್ಲ. ಅಲ್ಲಿ ಬಾರಿಸುವವರಿದ್ದಾರೆ.

ನಮ್ಮೂರ ಕಡೆಯ ಒಂದು ಮೇಳವನ್ನು ಮಾತಾಡಿಸಿದೆ. ಕರಡಿ, ಸನಾದಿ, ತಾಳ. ಮೇಳದ ಹಿರಿಯರು ಅರವತ್ತು ದಾಟಿದವರು. ಮದುವೆಗೆ ಕರೆದರೆ ಹೇಗೋ ಹಾಗೆಯೇ ಮುಂಗಡ ದುಡ್ಡು ಕೊಟ್ಟು ಒಂದು ಹೊತ್ತು ಗೊತ್ತು ಮಾಡಿದೆ. ಪುಕ್ಕಟೆ ಹಂಚುವ ಕೆಲಸ ಅಂತ ಅವರಿಂದಲೂ ಪುಕ್ಕಟೆ ಮಾಡಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಮುಕ್ತ ಲೈಸೆನ್ಸಿನ ಉತ್ಸಾಹದಲ್ಲಿ ಕೆಲವರು ಇದನ್ನು ಮರೆಯುತ್ತಾರೆ. ಕೊಡುವವನು ನಾನಾದರೆ ಖರ್ಚೂ ನನ್ನದೇ ಅಲ್ವಾ?

ರೆಕಾರ್ಡಿಂಗಿಗೆ ಮೊದಲು ಬಾಗಲಕೋಟೆ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಗೆಳೆಯನ ಹತ್ತಿರ ಕೂತೆ. ಅವನಿಗೆ ಜಮೀನಿನ ವ್ಯಾಜ್ಯವೇ ಜಾಸ್ತಿ. ಕಾಪಿರೈಟ್ ಪುಸ್ತಕ ತೆಗೆದು ಅವನೂ ನನ್ನ ಜೊತೆಗೇ ಓದಿದ. ಒಂದು ಕರಡಿ ಮಜಲಿನ ಮುದ್ರಣದಲ್ಲಿ ಮೂರು ಜನರ ಪಾಲಿದೆ ಅಂತ ಆಗ ತಿಳಿಯಿತು. ಮುದ್ರಿಸಿದವನದು ಒಂದು. ಬಾರಿಸಿದವರದು ಒಂದು. ಬಾರಿಸಿದ ಧಾಟಿ ಯಾರಾದರೂ ಕಟ್ಟಿದ್ದಾದರೆ ಅವರದು ಇನ್ನೊಂದು. ನಾನು ಲೈಸೆನ್ಸ್ ಗುಂಡಿ ಒತ್ತಿದರೆ ಹೋಗುವುದು ನನ್ನ ಪಾಲು ಮಾತ್ರ. ಉಳಿದವರು ಬರೆದುಕೊಡದೆ ಇದ್ದರೆ ಕೇಳುಗರಿಗೆ "ಇದು ಮುಕ್ತ" ಅಂತ ನಾನು ಹೇಳಿದ್ದು ಸುಳ್ಳಾಗುತ್ತದೆ.

ಬಾರಿಸಿದವರ ಹಕ್ಕು ನಮ್ಮ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. 38ನೇ ಕಲಮು, 50 ವರ್ಷ. 2012ರ ತಿದ್ದುಪಡಿ ಬಂದ ಮೇಲೆ ಅದು ಇನ್ನೂ ಗಟ್ಟಿಯಾಗಿದೆ. ತನ್ನ ಹೆಸರು ಹೇಳಬೇಕು ಅನ್ನುವ ಹಕ್ಕು, ತನ್ನ ಕಲೆಯನ್ನು ಮರ್ಯಾದೆ ಕಳೆಯುವಂತೆ ತಿರುಚಬಾರದು ಅನ್ನುವ ಹಕ್ಕು ಎರಡೂ ಬಂದಿವೆ. ಕಲಾವಿದ ಅಂದರೆ ಯಾರು ಅನ್ನುವ ಪಟ್ಟಿ ಓದಿ ನಾವಿಬ್ಬರೂ ನಕ್ಕೆವು. ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವ, ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವ ಎಲ್ಲ ಅದರಲ್ಲಿದ್ದಾರೆ. ಹಾವಾಡಿಗನನ್ನು ನೆನಪಿಟ್ಟ ಕಾಯ್ದೆ ಕರಡಿಯವರನ್ನು ಬಿಡುತ್ತದೆಯೇ?

ಗೆಳೆಯ ಹುಡುಕಿ ಕೊಟ್ಟ ಇನ್ನೊಂದು ಅಂಶಕ್ಕೆ ನಾನು ಅವನಿಗೆ ಊಟ ಹಾಕಿಸಬೇಕು. ಹಕ್ಕು ಬರೆದುಕೊಡುವ ಕಾಗದದಲ್ಲಿ ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ಲೆಕ್ಕ. 19ನೇ ಕಲಮು ಹೀಗೆ ಹೇಳುತ್ತದೆ. 30ಎ ಕಲಮು ಅದನ್ನು ಲೈಸೆನ್ಸಿಗೂ ಹಚ್ಚುತ್ತದೆ. 39ಎ ಕಲಮು ಕಲಾವಿದರ ಹಕ್ಕಿಗೂ ಹಚ್ಚುತ್ತದೆ. ಯೋಚಿಸಿ. ಮೇಳದವರು "ನಮ್ಮ ಒಪ್ಪಿಗೆ ಇದೆ" ಅಂತ ಒಂದು ಸಾಲು ಬರೆದು ಸಹಿ ಮಾಡಿದ್ದರೆ ಅದು ಐದು ವರ್ಷಕ್ಕೆ, ಈ ದೇಶಕ್ಕೆ. ನಾನು ಹಾಕುವ ಸಿಸಿ ಲೈಸೆನ್ಸು ಮಾತ್ರ ಇಡೀ ಜಗತ್ತಿಗೆ, ಹಕ್ಕಿನ ಅವಧಿ ಮುಗಿಯುವ ತನಕ. ಎರಡೂ ಹೊಂದುವುದಿಲ್ಲ. ಹಾಗಾಗಿ ಕಾಗದದಲ್ಲಿ "ಜಗತ್ತಿನ ಎಲ್ಲ ದೇಶಗಳಿಗೆ, ಹಕ್ಕು ಇರುವ ಪೂರ್ತಿ ಅವಧಿಗೆ" ಅನ್ನುವ ಮಾತು ಇರಲೇಬೇಕು.

ಕಾಗದ ಕನ್ನಡದಲ್ಲೇ ಬರೆದೆವು. ಒಂದೇ ಪುಟ. ಮೇಳದವರ ಮುಂದೆ ಜೋರಾಗಿ ಓದಿದೆ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ದುಡ್ಡು ಮಾಡಿಕೊಳ್ಳಬಹುದು, ಆದರೆ ಮೇಳದ ಹೆಸರು ಹೇಳಬೇಕು ಅಂತ ಅದರಲ್ಲಿತ್ತು. ಹಿರಿಯರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಒಂದೊಂದೇ ಪ್ರಶ್ನೆ ಬಂತು.

"ಸಿನಿಮಾದವ್ರು ತಗೊಂಡು ಕೋಟಿಗಟ್ಲೆ ಮಾಡ್ಕೊಂಡ್ರ ನಮಗೇನು ಸಿಗತೈತಿ?"

"ಈ ಲೈಸೆನ್ಸಿನಾಗ ಹೆಸರು ಮಾತ್ರ ಸಿಗತೈತ್ರಿ ಕಾಕಾ."

"ಬ್ಯಾಡ ಅನ್ಸಿದ್ರ ವಾಪಸ್ ಕೇಳಾಕ ಬರತೈತೇನು?"

ಬರುವುದಿಲ್ಲ. ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನಾನು ತಾಣದಿಂದ ಕಡತ ತೆಗೆದುಹಾಕಬಹುದು. ಆದರೆ ಅಷ್ಟರಲ್ಲಿ ತೆಗೆದುಕೊಂಡವರು ಅದೇ ಲೈಸೆನ್ಸಿನ ಮೇಲೆ ಬಳಸುತ್ತಾ, ಹಂಚುತ್ತಾ ಇರಬಹುದು. ಷರತ್ತು ಪಾಲಿಸುವ ತನಕ ಅವರನ್ನು ತಡೆಯಲಿಕ್ಕಾಗದು. ಇದನ್ನು ಮೆತ್ತಗೆ ಮಾಡಿ ಹೇಳುವ ಆಸೆ ಆಗುತ್ತದೆ. ಹೇಳಬಾರದು. "ಕೊಟ್ಟದ್ದು ಕೊಟ್ಟಂಗ ರೀ" ಅಂದೆ.

ಆಗ ಅವರ ಅಣ್ಣನ ಮಗ, ತಾಳ ಹಾಕುವವನು, ಬಾಯಿ ಹಾಕಿದ. ಅವನು ಡಿಗ್ರಿ ಓದಿದ್ದಾನೆ. ಫೋನಿನಲ್ಲಿ ಎಲ್ಲ ನೋಡಿಕೊಂಡೇ ಬಂದಿದ್ದ. "ನಾನ್‌ಕಮರ್ಷಿಯಲ್ ಅಂತ ಒಂದು ಐತಲ್ರಿ, ಅದನ್ನ ಹಾಕ್ರಿ. ವ್ಯಾಪಾರಕ್ಕ ಬ್ಯಾಡ, ಹಂಗ ಕೇಳೋರಿಗೆ ಇರಲಿ."

ಅವನ ಮಾತಿನಲ್ಲಿ ತಪ್ಪಿಲ್ಲ. ನನ್ನ ವಾದ ಬೇರೆ ಇತ್ತು. ನಾನು ಎಡಿಟ್ ಮಾಡುವ ಮದುವೆ ವಿಡಿಯೊಗೆ ಬೀಗರು ದುಡ್ಡು ಕೊಡುತ್ತಾರೆ. ಅದು ವ್ಯಾಪಾರವೇ. ಹಾಗಾದರೆ ಮುಧೋಳದಲ್ಲೋ ಜಮಖಂಡಿಯಲ್ಲೋ ನನ್ನಂಥ ಒಬ್ಬ ಎಡಿಟರ್ ತನ್ನೂರಿನ ಮದುವೆ ವಿಡಿಯೊಗೆ ಕರಡಿಯ ಸದ್ದು ಹಾಕುವ ಹಾಗಿಲ್ಲ. ವಿಡಿಯೊ ತಾಣದಲ್ಲಿ ಜಾಹೀರಾತಿನ ದುಡ್ಡು ಬರುವ ಹುಡುಗರೂ ಹೆದರುತ್ತಾರೆ. ಅವರ ಬಳಕೆ ವ್ಯಾಪಾರವೋ ಅಲ್ಲವೋ ಅಂತ ಯಾರೂ ಖಚಿತವಾಗಿ ಹೇಳುವುದಿಲ್ಲ. ಲೈಸೆನ್ಸಿನ ಪಠ್ಯದಲ್ಲಿ ಇರುವುದು "ಮುಖ್ಯವಾಗಿ ವ್ಯಾಪಾರದ ಲಾಭಕ್ಕಾಗಲಿ ಹಣದ ಪ್ರತಿಫಲಕ್ಕಾಗಲಿ ಅಲ್ಲದ್ದು" ಅನ್ನುವ ಅರ್ಥದ ಮಾತು ಅಷ್ಟೇ. ವಿಕಿಮೀಡಿಯಾ ಕಾಮನ್ಸ್‌ನವರು ನಾನ್‌ಕಮರ್ಷಿಯಲ್ ಸದ್ದನ್ನು ತೆಗೆದುಕೊಳ್ಳುವುದೇ ಇಲ್ಲ. ವಿಕಿಪೀಡಿಯಕ್ಕೆ ಚಿತ್ರ, ಸದ್ದು ಬರುವುದು ಹೆಚ್ಚಾಗಿ ಆ ಭಂಡಾರದಿಂದ. ಅಂದರೆ ವಿಕಿಪೀಡಿಯದಲ್ಲಿ ಕರಡಿ ಮಜಲಿನ ಲೇಖನಕ್ಕೆ ಕರಡಿಯ ಸದ್ದು ಸೇರಿಸಲಿಕ್ಕೂ ಬರುವುದಿಲ್ಲ. ಇನ್ನು ದೊಡ್ಡ ಸಿನಿಮಾದವರು? ಅವರಿಗೆ ಬೇಕಿದ್ದರೆ ಮೇಳವನ್ನೇ ಸ್ಟುಡಿಯೊಕ್ಕೆ ಕರೆಸುತ್ತಾರೆ. ಕೋಟಿ ಮಾಡುವವನನ್ನು ತಡೆಯಲು ಹಾಕಿದ ಬೇಲಿ ಕಡೆಗೆ ನಮ್ಮವರನ್ನೇ ಹೊರಗಿಡುತ್ತದೆ ಅಂತ ನನ್ನ ಅಭಿಪ್ರಾಯ. ಈಗಲೂ ಅದೇ.

ಹುಡುಗ ಪೂರ್ತಿ ಒಪ್ಪಲಿಲ್ಲ. ಒಂದು ನಡುದಾರಿ ಹುಡುಕಿದ. ಬಿಡಿ ಪೆಟ್ಟುಗಳು, ಸಣ್ಣ ತಾಳದ ತುಂಡುಗಳು ಸಿಸಿ ಬೈ ಆಗಲಿ. ಪೂರ್ತಿ ಮಜಲು ಬಾರಿಸಿದ್ದನ್ನು ಏರಿಸುವುದು ಬೇಡ, ಅದು ಮೇಳದ ಹತ್ತಿರವೇ ಇರಲಿ. ಹೇಗಿದ್ದರೂ ಫ್ರೀಸೌಂಡ್‌ನಲ್ಲಿ ಪೂರ್ತಿ ಹಾಡು ಹಾಕುವ ಹಾಗಿಲ್ಲ. ಹಿರಿಯರಿಗೂ ಇದು ಸರಿ ಅನ್ನಿಸಿತು. "ಬೀಜ ಕೊಡೂಣು, ಬೆಳಿ ನಮ್ಮದಿರಲಿ" ಅಂದರು. ಕಾಗದಕ್ಕೆ ಇನ್ನೊಂದು ಸಾಲನ್ನೂ ಸೇರಿಸಿದೆವು. ಯಾರಾದರೂ ಲೈಸೆನ್ಸಿನ ಹೊರಗೆ ಬೇರೆ ರೀತಿ ಬಳಸಲು ದುಡ್ಡು ಕೊಟ್ಟು ಕೇಳಿದರೆ ಮೇಳವೂ ನಾನೂ ಕೂಡಿ ತೀರ್ಮಾನಿಸಬೇಕು, ದುಡ್ಡು ಮೇಳದವರಿಗೂ ನನಗೂ ತಲೆಗೆ ಸಮ. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಸಹಿ ಹಾಕಿದರು. ಮೇಳದ ಪರವಾಗಿ ಹಿರಿಯರ ಒಂದೇ ಸಹಿ ಸಾಲದು. ಹಕ್ಕು ಮೇಳದ್ದಲ್ಲ, ಬಾರಿಸಿದ ಒಬ್ಬೊಬ್ಬರದು.

ರೆಕಾರ್ಡಿಂಗ್ ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. 48 ಕಿಲೊಹರ್ಟ್ಸ್, 24 ಬಿಟ್, ವೇವ್ ಕಡತ. ಕರಡಿಯ ಎಡಮುಖ, ಬಲಮುಖ, ಮೆತ್ತಗೆ, ಜೋರಾಗಿ. ಒಂದು ಪೆಟ್ಟು ಹಾಕಿ ಅದರ ಗುಂಯ್ ಪೂರ್ತಿ ನಿಲ್ಲುವ ತನಕ ಸುಮ್ಮನಿರಬೇಕು. ಸದಾ ಒಂದರ ಹಿಂದೆ ಒಂದು ಬಾರಿಸುವ ಕೈಗೆ ಈ ಸುಮ್ಮನಿರುವುದು ಹಿಂಸೆ. ಹಿರಿಯರು ಸಿಟ್ಟಾದರು. ಚಹಾ ಬಂದ ಮೇಲೆ ಸರಿಹೋದರು. ಸನಾದಿಯವರದು ಬೇರೆ ಪೇಚು. ಅವರಿಗೆ ಒಂದು ಹಳೆ ಭಾವಗೀತೆಯ ಧಾಟಿ ನುಡಿಸುವ ಆಸೆ. ಬಹಳ ಚೆನ್ನಾಗಿಯೂ ನುಡಿಸುತ್ತಾರೆ. ಕವಿತೆ ಬೇಂದ್ರೆಯವರದು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಕವಿ ತೀರಿಕೊಂಡ ಮೇಲೆ 60 ವರ್ಷ ಅಂದರೆ 2041ರ ಕೊನೆಯವರೆಗೆ ಆ ಸಾಹಿತ್ಯಕ್ಕೆ ಹಕ್ಕುದಾರರಿದ್ದಾರೆ. ಸನಾದಿಯಲ್ಲಿ ಮಾತಿಲ್ಲ, ನಿಜ. ಆದರೆ ಧಾಟಿ ಹಾಕಿದವರ ಹಕ್ಕು ಅದರ ಪಕ್ಕದಲ್ಲೇ ಬೇರೆ ಇದೆ. "ನಿಮ್ಮ ಗುರುಗಳು ಕಲಿಸಿದ, ಯಾರು ಕಟ್ಟಿದ್ದು ಅಂತ ಗೊತ್ತಿಲ್ಲದಷ್ಟು ಹಳೇದು ನುಡಸ್ರಿ" ಅಂದೆ. ಬೇಸರದಿಂದಲೇ ನುಡಿಸಿದರು. ಆಮೇಲೆ ಮೈಕ್ ಬಂದ್ ಮಾಡಿ ಆ ಭಾವಗೀತೆಯನ್ನೂ ಕೇಳಿದೆವು. ಕೇಳಲಿಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ಪೆಟ್ಟಿಗೂ ಇಷ್ಟೆಲ್ಲ ಬೇಕಾ? ಅರ್ಧ ಸೆಕೆಂಡಿನ ಸದ್ದು, ಅದರಲ್ಲಿ ಏನು ಹಕ್ಕು ಅಂತ ಬೆಳಗಾವಿಯ ಅಳಿಯ ಕೇಳಿದ. ಹೊರದೇಶದ ಕೋರ್ಟುಗಳೇ ಇದರಲ್ಲಿ ಒಂದು ಮಾತಿಗೆ ಬಂದಿಲ್ಲ. ಅಮೆರಿಕದ ಒಂದು ಮೇಲ್ಮನವಿ ಕೋರ್ಟು 2005ರಲ್ಲಿ ಲೈಸೆನ್ಸ್ ತಗೋ, ಇಲ್ಲದಿದ್ದರೆ ಸ್ಯಾಂಪಲ್ ಮಾಡಬೇಡ ಅಂದಿತು. ಅಲ್ಲಿನ ಇನ್ನೊಂದು ಮೇಲ್ಮನವಿ ಕೋರ್ಟು 2016ರಲ್ಲಿ ಕಾಲು ಸೆಕೆಂಡಿಗೂ ಕಡಿಮೆ ಇದ್ದ ಒಂದು ತುತ್ತೂರಿಯ ಸದ್ದಿನ ಬಗ್ಗೆ, ಇಷ್ಟು ಸಣ್ಣದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂದಿತು. ಯುರೋಪಿನಲ್ಲಿ ಜರ್ಮನಿಯ ಒಂದು ಬ್ಯಾಂಡಿನ ಎರಡು ಸೆಕೆಂಡಿನ ತಾಳದ ಮೇಲೆ ಎರಡು ದಶಕ ವ್ಯಾಜ್ಯ ನಡೆದು, 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಉತ್ತರ ಕೊಟ್ಟಿತು. ತುಂಡು ಎಷ್ಟೇ ಚಿಕ್ಕದಾದರೂ ನಿರ್ಮಾಪಕರ ಅಪ್ಪಣೆ ಬೇಕು, ಕಿವಿಗೆ ಗುರುತೇ ಸಿಗದಷ್ಟು ಬದಲಿಸಿದ್ದರೆ ಬೇರೆ ಮಾತು ಅಂತ. ಕರಡಿಯ ಪೆಟ್ಟು ನಾಳೆ ಯಾವ ದೇಶದ ಹಾಡಿನಲ್ಲಿ ಸೇರುತ್ತದೋ ಯಾರು ಬಲ್ಲರು? ಬಳಸುವವರಿಗೆ ಈ ತಲೆನೋವು ಬರದಿರಲಿ ಅಂತಲೇ ಲೈಸೆನ್ಸ್ ಇರುವುದು. ಒಂದು ಸಾಲಿನಲ್ಲಿ ಮುಗಿಯುವ ವಿಷಯವನ್ನು ಕೋರ್ಟಿನ ತನಕ ಯಾಕೆ ಬಿಡಬೇಕು?

ಅಳಿಯನಿಗೆ ಬೇಕಾಗಿದ್ದದ್ದು ಸಿಸಿ ಜೀರೊ. ತಂತ್ರಾಂಶದ ಜೊತೆ ಕಳಿಸಲು ಅದೇ ಸಲೀಸು, ಹೆಸರಿನ ಪಟ್ಟಿ ಹಿಡಿದು ತಿರುಗುವ ಕೆಲಸ ಇಲ್ಲ. ಅವನು ಹೇಳಿದ್ದು ಬಳಸುವವರ ಕಡೆಯಿಂದ ಸರಿಯೇ. ಆದರೆ ಮೇಳದವರು ಕೇಳಿದ್ದು ಒಂದೇ, ಹೆಸರು. ಅದನ್ನೇ ತೆಗೆದರೆ ಅವರಿಗೆ ಉಳಿಯುವುದೇನು? ಹೆಸರಿನ ಹಕ್ಕು ಕಾಯ್ದೆಯಲ್ಲೂ ಅವರಿಗಿದೆ. ಸಿಸಿ ಬೈ 4.0ರಲ್ಲಿ ಹೆಸರು ಹೇಳುವುದು ಅಷ್ಟು ಕಷ್ಟವೂ ಅಲ್ಲ. ಹೆಸರು, ಮೂಲ, ಲೈಸೆನ್ಸು ಎಲ್ಲ ಇರುವ ಒಂದು ಪುಟಕ್ಕೆ ಕೊಂಡಿ ಕೊಟ್ಟರೂ ಸಾಕು. ಯಾರಾದರೂ ಮರೆತರೆ, ಗೊತ್ತಾದ 30 ದಿನದೊಳಗೆ ಸರಿ ಮಾಡಿಕೊಂಡರೆ ಅವರ ಹಕ್ಕು ಮರಳಿ ಬರುತ್ತದೆ. "ನಿನ್ನ ಸೆಟ್ಟಿನ ಜೊತೆ ಒಂದು ಪಠ್ಯ ಕಡತ ಇಡು, ಅದರಲ್ಲಿ ಮೇಳದ ಹೆಸರು ಬರಿ. ಇಷ್ಟಕ್ಕೆ ಸೋಮಾರಿತನ ಮಾಡಬ್ಯಾಡ" ಅಂದೆ. ಮಾಡಿದ.

ಆದರೆ ಅವನು ಕಳಿಸಿದ ಮೊದಲ ಸೆಟ್ ಕೇಳಿದಾಗ ಕರಡಿಯ ಪೆಟ್ಟು ನಾನು ಮುದ್ರಿಸಿದ್ದಕ್ಕಿಂತ ದಪ್ಪವಾಗಿತ್ತು. ಕೇಳಿದರೆ, ಅಡಿಯಲ್ಲಿ ಒಂದು ಬಾಸ್ ಡ್ರಮ್ ಸೇರಿಸಿದ್ದೇನೆ ಅಂದ. ಎಲ್ಲಿಂದ? "ಫ್ರೀ ಪ್ಯಾಕ್ ಮಾವಾ, ರಾಯಲ್ಟಿ ಫ್ರೀ ಅಂತ ಬರದಿದ್ರು." ಆ ಪ್ಯಾಕಿನ ಷರತ್ತು ತೆಗೆಸಿ ಓದಿಸಿದೆ. ನಿಮ್ಮ ಹಾಡಿನಲ್ಲಿ ಬಳಸಿ, ಮಾರಿ, ನಮಗೆ ಪಾಲು ಬೇಡ ಅಂತ ಇತ್ತು. ಅದರ ಕೆಳಗೇ ಇವನ್ನು ಬಿಡಿ ಸದ್ದಾಗಿ ಅಥವಾ ಬೇರೆ ಸ್ಯಾಂಪಲ್ ಸೆಟ್ಟಿನಲ್ಲಿ ಸೇರಿಸಿ ಹಂಚಬಾರದು ಅಂತಲೂ ಇತ್ತು. ಇಂಥ ಪ್ಯಾಕುಗಳಲ್ಲಿ ಈ ಷರತ್ತು ಮಾಮೂಲಿ. ಪುಕ್ಕಟೆ ಸಿಗುವುದಕ್ಕೂ ಮುಕ್ತವಾಗಿ ಹಂಚುವುದಕ್ಕೂ ಬಹಳ ಅಂತರ. ಹಾಡು ಮಾಡುವವನಿಗೆ ಆ ಪ್ಯಾಕ್ ಸಾಕು. ನಮ್ಮಂತೆ ಸದ್ದನ್ನೇ ಹಂಚುವವರಿಗೆ ಅದು ಬಾಗಿಲು ಹಾಕಿದ ಮನೆ.

ಅವನ ಕಂಪ್ಯೂಟರಿನಲ್ಲಿ ಇನ್ನೂ ಏನೇನು ಸೇರಿದೆಯೋ ಅಂತ ಒಂದು ಭಾನುವಾರ ಬೆಳಗಾವಿಗೇ ಹೋದೆ. ಕುಂದಾ ತಿನ್ನುತ್ತಾ ಕೂತು ಒಂದೊಂದು ಕಡತದ ಜಾತಕ ಬರೆದೆವು. ಯಾರು ಮುದ್ರಿಸಿದ್ದು, ಎಲ್ಲಿಂದ ಬಂದದ್ದು, ಯಾವ ಲೈಸೆನ್ಸು, ಏನು ಬದಲಿಸಿದ್ದು. ಫ್ರೀಸೌಂಡ್‌ನಿಂದ ತಂದ ಒಂದು ಗೆಜ್ಜೆ ಸದ್ದು ಹಳೆಯ ಸ್ಯಾಂಪ್ಲಿಂಗ್ ಪ್ಲಸ್ ಲೈಸೆನ್ಸಿನಲ್ಲಿತ್ತು. ಕ್ರಿಯೇಟಿವ್ ಕಾಮನ್ಸ್‌ನವರು ಆ ಲೈಸೆನ್ಸನ್ನು 2011ರಲ್ಲೇ ಹಿಂದಕ್ಕೆ ತೆಗೆದರು. ಆದರೆ ಅದರ ಅಡಿಯಲ್ಲಿ ಆಗಲೇ ಇದ್ದ ಸದ್ದುಗಳು ಅದರ ಅಡಿಯಲ್ಲೇ ಉಳಿದವು. ಅದನ್ನು ಸೆಟ್ಟಿನಿಂದ ಕೈಬಿಟ್ಟೆವು. ಇನ್ನೊಂದು ನಾನ್‌ಕಮರ್ಷಿಯಲ್. ಅದನ್ನು ಬೇರೆ ಕಡತವಾಗಿಯೇ ಒಂದೇ ಜಿಪ್ಪಿನಲ್ಲಿ ಇಡಬಹುದಿತ್ತು, ಆಗ ಪ್ರತಿ ಕಡತಕ್ಕೂ ಅದರದೇ ಲೈಸೆನ್ಸ್ ಇರುತ್ತದೆ. ಆದರೆ ಇವನು ಅದನ್ನು ಕರಡಿಯ ಪೆಟ್ಟಿನ ಜೊತೆ ಕಲಸಿಬಿಟ್ಟಿದ್ದ. ಕಲಸಿದ ಮೇಲೆ ಅದು ಹೊಸ ಸದ್ದು, ಎರಡರ ಷರತ್ತೂ ಅದಕ್ಕೆ ಅಂಟುತ್ತವೆ. ಕಡೆಗೆ ಹೊರಗಿನದೆಲ್ಲ ತೆಗೆದು ಕರಡಿಯನ್ನು ಕರಡಿಯಾಗಿಯೇ ಬಿಟ್ಟ. ದಪ್ಪ ಹೋಯಿತು. ನನ್ನ ಕಿವಿಗೆ ಅದೇ ಚೆಂದ.

ನಡುವೆ ವಿಜಯಪುರದ ಗೋಲಗುಮ್ಮಟದ ಪ್ರತಿಧ್ವನಿಯನ್ನೂ ಮುದ್ರಿಸುವ ಹುಚ್ಚು ಬಂದಿತ್ತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ, ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ. ಪ್ರತಿಧ್ವನಿಗೆ ಕಾಪಿರೈಟ್ ಇಲ್ಲ. ಆದರೆ ಮೇಲಿನ ಗ್ಯಾಲರಿಯಲ್ಲಿ ಜನ ಬಾಯಿಗೆ ಬಂದದ್ದು ಕೂಗುತ್ತಾರೆ. ಶಾಲೆ ಮಕ್ಕಳು ಗೆಳೆಯರ ಹೆಸರು ಹಿಡಿದು ಕೂಗುತ್ತಾರೆ, ಒಬ್ಬಳು ಹುಡುಗಿ ತನ್ನ ಮನಸ್ಸಿನಲ್ಲಿದ್ದವನ ಹೆಸರನ್ನೇ ಪಿಸುಗುಟ್ಟಿದಳು. ಅದು ಸುತ್ತು ಹೊಡೆದು ಆಚೆ ಬದಿಯ ನನ್ನ ಕಿವಿಗೇ ಬಂತು. ಸಿಸಿ ಲೈಸೆನ್ಸು ಕಾಪಿರೈಟಿನ ಮಾತಾಡುತ್ತದೆ, ಬೇರೆಯವರ ಖಾಸಗಿತನದ ಮಾತಾಡುವುದಿಲ್ಲ. ನನ್ನ ಫೋನಿನಲ್ಲಿ ಇದ್ದದ್ದನ್ನೆಲ್ಲ ಅಲ್ಲೇ ಅಳಿಸಿದೆ.

ಚೌಡಿಕೆ ಅನ್ನುವ ತಂತಿವಾದ್ಯದ್ದು ಇನ್ನೊಂದು ಕಥೆ. ಸವದತ್ತಿ ಎಲ್ಲಮ್ಮನ ಹಾಡು ಹೇಳುವ ಒಬ್ಬ ಅಮ್ಮನವರನ್ನು ಕೇಳಿದೆ. ತಂತಿಯ ಮಿಡಿತ ಮಾತ್ರ ಸಾಕು, ಹಾಡು ಬೇಡ ಅಂದೆ. ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಯಾರರೆ ಕುಡದು ಕುಣಿಯೂ ಹಾಡಿಗೆ ಹಚ್ಚಬೌದೇನೋ ಇದನ್ನ?" ಅಂದರು. ಹಚ್ಚಬಹುದು. ಕ್ರಿಯೇಟಿವ್ ಕಾಮನ್ಸ್‌ನ ಯಾವ ಲೈಸೆನ್ಸಿನಲ್ಲೂ "ದೇವರ ಕೆಲಸಕ್ಕೆ ಮಾತ್ರ" ಅನ್ನುವ ಆಯ್ಕೆ ಇಲ್ಲ. ಬದಲಿಸಬಾರದು ಅನ್ನುವ ನೋಡೆರಿವೇಟಿವ್ಸ್ ಷರತ್ತು ಒಂದು ಇದೆ, ಆದರೆ ಬದಲಿಸದ ಸ್ಯಾಂಪಲ್ ಹಾಡಿಗೆ ಹೇಗೆ ಸೇರುತ್ತದೆ? "ಹಂಗಾರ ಬ್ಯಾಡಪ್ಪ" ಅಂದರು. ಮಾತು ಅಲ್ಲಿಗೇ ನಿಂತಿತು. ರೆಕಾರ್ಡರ್ ಚೀಲದಿಂದ ಹೊರಗೇ ತೆಗೆಯಲಿಲ್ಲ. ಎಲ್ಲವನ್ನೂ ಮುಕ್ತ ಮಾಡಲೇಬೇಕು ಅನ್ನುವವರ ಜೊತೆ ನನಗೆ ಒಮ್ಮತ ಇಲ್ಲ.

ಏರಿಸುವ ಕೆಲಸ ಮಾತ್ರ ಸರಳ. ಹೊಸಬರ ಸದ್ದನ್ನು ಫ್ರೀಸೌಂಡ್‌ನಲ್ಲಿ ಮನುಷ್ಯರೇ ಕೇಳಿ ಒಪ್ಪುತ್ತಾರೆ. ಸ್ವಲ್ಪ ಕಾಯಬೇಕು. ವಿವರವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಮೇಳದ ಹೆಸರು, ವಾದ್ಯ, ಯಾವ ಮುಖದ ಪೆಟ್ಟು, ಯಾವ ಮೈಕು, "ಎಲ್ಲ ವಾದಕರ ಲಿಖಿತ ಒಪ್ಪಿಗೆ ಇದೆ" ಅನ್ನುವ ಸಾಲು. ಮಗ್ಗದ ಸದ್ದನ್ನು ವಿಕಿಮೀಡಿಯಾ ಕಾಮನ್ಸ್‌ಗೂ ಹಾಕಿದೆ.

ಆಮೇಲೆ ಒಂದು ಕಿರಿಕಿರಿ ಬಂತು. ಯಾರೋ ಒಬ್ಬರು ಕರಡಿಯ ತಾಳದ ತುಂಡನ್ನು ಹಾಗೆಯೇ ಎತ್ತಿ ತಮ್ಮ ಹಾಡಿಗೆ ಹಾಕಿಕೊಂಡು, ಆ ಹಾಡನ್ನು ವಿಡಿಯೊ ತಾಣವೊಂದರ, ಹಕ್ಕಿರುವ ಹಾಡು ಬೇರೆಯವರ ವಿಡಿಯೊದಲ್ಲಿ ಬಂದರೆ ತಾನೇ ಗುರುತು ಹಿಡಿಯುವ ವ್ಯವಸ್ಥೆಗೆ ಕೊಟ್ಟಿದ್ದರು. ಯಂತ್ರಕ್ಕೆ ಯಾರು ಮೊದಲು ಅಂತ ಗೊತ್ತಾಗುವುದಿಲ್ಲ. ನನ್ನದೇ ಮದುವೆ ವಿಡಿಯೊಗೆ ಹಕ್ಕಿನ ತಕರಾರು ಬಂತು. ಹೀಗೆ ಎಲ್ಲರೂ ಬಳಸಬಹುದಾದ ಸ್ಯಾಂಪಲ್ ಇರುವ ಹಾಡನ್ನು ಅಂಥ ವ್ಯವಸ್ಥೆಗೆ ಕೊಡುವ ಹಾಗೆಯೇ ಇಲ್ಲ, ಒಬ್ಬರದೇ ಹಕ್ಕು ಇರುವುದನ್ನು ಮಾತ್ರ ಕೊಡಬೇಕು. ಮೂಲ ವೇವ್ ಕಡತ, ಏರಿಸಿದ ತಾರೀಖು, ಸಹಿ ಮಾಡಿದ ಕಾಗದ ಎಲ್ಲ ಕಳಿಸಿದ ಮೇಲೆ ತಕರಾರು ಬಿಟ್ಟುಹೋಯಿತು. ಆ ಹಾಡಿನಲ್ಲಿ ಮೇಳದ ಹೆಸರೂ ಇರಲಿಲ್ಲ. ಬರೆದು ಕೇಳಿದ ಮೇಲೆ ಸೇರಿಸಿದರು. ಮೂಲ ಕಡತಗಳನ್ನು ಅಳಿಸಬೇಡಿ ಅಂತ ಇದಕ್ಕೇ ಹೇಳುವುದು.

ಕಳೆದ ತಿಂಗಳು ಒಂದು ಜಾಹೀರಾತು ಮಾಡುವವರ ಪತ್ರ ಬಂತು. ಕರಡಿಯ ಪೆಟ್ಟು ಬೇಕು, ಆದರೆ ಮೂವತ್ತು ಸೆಕೆಂಡಿನ ಜಾಹೀರಾತಿನಲ್ಲಿ ಹೆಸರು ತೋರಿಸಲು ಜಾಗವಿಲ್ಲ, ಹೆಸರಿಲ್ಲದೆ ಬಳಸಲು ಬೇರೆ ಅಪ್ಪಣೆ ಕೊಡುತ್ತೀರಾ, ದುಡ್ಡು ಕೊಡುತ್ತೇವೆ ಅಂತ. ಸಿಸಿ ಬೈ ಹಾಕಿದ ಮೇಲೂ ಇದು ಸಾಧ್ಯ. ಆ ಲೈಸೆನ್ಸು ಒಬ್ಬರಿಗೇ ಕಟ್ಟಿಹಾಕುವಂಥದ್ದಲ್ಲ. ಅದರ ಪಕ್ಕದಲ್ಲಿ ಇನ್ನೊಬ್ಬರಿಗೆ ಬೇರೆ ಷರತ್ತಿನ ಮೇಲೆ ಕೊಡಬಹುದು, ಹಕ್ಕುದಾರರೆಲ್ಲ ಒಪ್ಪಿದರೆ. ಮೇಳದ ಹಿರಿಯರಿಗೆ ಫೋನ್ ಮಾಡಿದೆ. ಎಷ್ಟು ಕೊಡುತ್ತಾರಂತೆ ಅಂತ ಕೇಳಿದರು. ಹೇಳಿದೆ.

"ಹೆಸರ ಹಾಕಿದ್ರ ಪುಕ್ಕಟೆ ಐತಲ್ಲ. ಹೆಸರ ಬ್ಯಾಡಂದ್ರ ಅದರ ಎರಡು ಪಟ್ಟು ಕೊಡಂತ ಹೇಳೋ ತಮ್ಮಾ."

ಹಾಗೇ ಬರೆದೆ. ಅವರು ಒಂದೂವರೆ ಪಟ್ಟಿಗೆ ಬಂದರು. ಹಿರಿಯರು ಇನ್ನೊಂದು ದಿನ ತಡಿ ಅಂದರು. ಆ ಒಂದೇ ಜಾಹೀರಾತಿಗೆ, ಒಂದು ವರ್ಷಕ್ಕೆ ಅಂತ ಕರಾರು ಬರೆದು ಇಟ್ಟಿದ್ದೇನೆ. ಮೊತ್ತದ ಜಾಗ ಖಾಲಿ ಇದೆ.